ಮುಂಗಾರಿಗೆ ಮೊದಲು ವಾಚನಾಲಯದ ಮಾಡು: ದಾನಿಗಳಲ್ಲಿ ಮನವಿ

ಸಹೃದಯರೇ,

ಟಿಬೆಟಿಯನ್ ಬೌದ್ಧ ಗುರು ಪೂಜ್ಯ ಪೆನೊರ್ ರಿಂಪೊಚೆಯವರ ಸ್ಮರಣೆಯಲ್ಲಿ ಬೈಲಕುಪ್ಪೆ ಹತ್ತಿರ ನಾವು ನಡೆಸುತ್ತಿರುವ ವಾಚನಾಲಯ ನಿಮಗೆ ಹೊಸದಲ್ಲ. ಕಳೆದ ಆಷಾಢದ ಮಳೆಗೆ ಅದರ ಹಿಂಬದಿಯ ಮಾಡು ಕುಸಿಯಿತು. ರೀಪುಗಳನ್ನೆಲ್ಲ ಗೆದ್ದಲು ತಿಂದಿತ್ತು. ಎರಡು ಬೀರುಗಳಲ್ಲಿದ್ದ ಪುಸ್ತಕ ನೆನೆದು ಮುದ್ದೆಯಾದವು. ಮಕ್ಕಳು ಜಗಲಿಗೆ ಟಾರ್ಪಾಲು ಕಟ್ಟಿಕೊಂಡು ಓದುತ್ತಿದ್ದಾರೆ. ಹೊಗೆಸೊಪ್ಪಿನ ಕೂಲಿಗೆ ಹೋಗುವವರ ಮಕ್ಕಳು, ಅಪ್ಪ ಅಮ್ಮ ಸ್ವೆಟರ್ ಮಾರಲು ಊರೂರು ತಿರುಗುವಾಗ ಅಜ್ಜಿಯೊಂದಿಗೆ ಟಿಬೆಟಿಯನ್ ಕ್ಯಾಂಪಿನಲ್ಲೇ ಉಳಿಯುವ ಮಕ್ಕಳು. ಮನೆಯಲ್ಲಿ ಓದಲು ಇವರಿಗೆ ಜಾಗವಿಲ್ಲ.

ರಿಂಪೊಚೆಯವರು ಪಟ್ಟ ಪಾಡು ನೆನೆದಾಗ ನಮಗೆ ಧೈರ್ಯ ಬರುತ್ತದೆ. 1932ರಲ್ಲಿ ಟಿಬೆಟ್ಟಿನ ಖಾಮ್ ಪ್ರಾಂತ್ಯದಲ್ಲಿ ಹುಟ್ಟಿ, ಟಿಬೆಟಿಯನ್ ಬೌದ್ಧರ ನಿಂಗ್ಮಾ ಪಂಥಕ್ಕೆ ಸೇರಿದ ಪಲ್ಯುಲ್ ಪರಂಪರೆಯ ಹನ್ನೊಂದನೆಯ ಪೀಠಾಧಿಪತಿಯಾದವರು. 1959ರಲ್ಲಿ ಚೀನಾದ ಹಿಡಿತದಿಂದ ತಪ್ಪಿಸಿಕೊಂಡು ಅವರೊಂದಿಗೆ ಹೊರಟವರು ಸುಮಾರು 300 ಮಂದಿಯಂತೆ. ಭಾರತ ಮುಟ್ಟಿದವರು ಮೂವತ್ತರಷ್ಟು. ಮೈಸೂರು ಸರ್ಕಾರ ಟಿಬೆಟಿಯನ್ನರಿಗೆ ಬಿಟ್ಟುಕೊಟ್ಟ, ಆನೆಗಳು ತಿರುಗುತ್ತಿದ್ದ ಕಾಡುನೆಲದಲ್ಲಿ 1963ರಲ್ಲಿ ಬಿದಿರಿನ ಗುಡಿ ಎಬ್ಬಿಸಿ ನಮ್ದ್ರೋಲಿಂಗ್ ಮಠ ಆರಂಭಿಸಿದರು. ಆಗ ಕೈಯಲ್ಲಿದ್ದದ್ದು 300 ರೂಪಾಯಿ ಎನ್ನುತ್ತಾರೆ. ಕಲ್ಲು, ಇಟ್ಟಿಗೆ ತಾವೇ ಹೊತ್ತರು. 1978ರಲ್ಲಿ ಶಾಸ್ತ್ರಾಧ್ಯಯನ ಕೇಂದ್ರ, 1993ರಲ್ಲಿ ಭಿಕ್ಷುಣಿಯರ ಮಠ, 1999ರಲ್ಲಿ ನೀವೆಲ್ಲ ಗೋಲ್ಡನ್ ಟೆಂಪಲ್ ಎಂದು ನೋಡಲು ಬರುವ ಆ ಮಂದಿರ.

ಗುರುವಿನ ಬಾಯಿಂದ ಶಿಷ್ಯನ ಕಿವಿಗೇ ದಾಟಬೇಕಾದ ವಜ್ರಯಾನದ, ಅಂದರೆ ಬೌದ್ಧರ ತಾಂತ್ರಿಕ ಮಾರ್ಗದ, ಗುಹ್ಯ ಬೋಧನೆಯನ್ನು 1985ರಲ್ಲಿ ಮೊದಲ ಬಾರಿ ಅಮೆರಿಕಕ್ಕೆ ಹೋಗಿ ಹೇಳಿದರು. ನ್ಯೂಯಾರ್ಕ್ ರಾಜ್ಯದ ಮೆಕ್‌ಡೊನೊದಲ್ಲಿ ಅವರು ಕಟ್ಟಿದ ಸಾಧನಾ ಕೇಂದ್ರದಲ್ಲೂ ಬೈಲಕುಪ್ಪೆಯ ಕ್ರಮವೇ: ಮೊದಲು ಪ್ರಾಥಮಿಕ ಸಾಧನೆ, ನಂತರ ಉಸಿರು ಮತ್ತು ನಾಡಿಗಳ ಅಭ್ಯಾಸ, ಆಮೇಲೆ ಝೋಗ್‌ಚೆನ್ ಎಂಬ, ಮನಸ್ಸಿನ ನಿಜಸ್ವರೂಪ ಅರಿಯುವ ಅತ್ಯುನ್ನತ ಸಾಧನೆ. ದೂರದೇಶದವರೆಂದು ಒಂದು ಮೆಟ್ಟಿಲನ್ನೂ ಸಡಿಲಿಸಲಿಲ್ಲ. ಇಂಥವರು ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿದ್ದುಕೊಂಡೇ ಲೋಕಕ್ಕೆ ಗುರುವಾದರು ಎಂಬುದು ನಮ್ಮ ಹೆಮ್ಮೆ. 2009ರ ಮಾರ್ಚ್ 27ರಂದು ದೇಹ ಬಿಟ್ಟದ್ದೂ ಇಲ್ಲೇ.

ಅವರ ಜೀವನವನ್ನು ಕನ್ನಡದಲ್ಲಿ ಕಿರುಪುಸ್ತಿಕೆ ಮಾಡಿ ಸುತ್ತಲಿನ ಶಾಲೆಗಳಿಗೆ ಉಚಿತವಾಗಿ ಹಂಚಿದವರು ನಾವು. ನಮ್ಮಲ್ಲಿ ಓದಿದವರು ಇಂದು ನರ್ಸ್, ಪೊಲೀಸ್, ಮೇಷ್ಟ್ರು ಆಗಿದ್ದಾರೆ. ಉಳಿದಿದ್ದ ಪುಸ್ತಿಕೆಗಳೂ ಮಳೆನೀರಿಗೆ ಹೋದವು.

ಮಾಡಿಗೆ, ಬೀರುಗಳಿಗೆ, ಪುಸ್ತಿಕೆಯ ಮರುಮುದ್ರಣಕ್ಕೆ ಎಲ್ಲ ಸೇರಿ ಐದು ಲಕ್ಷದ ಆಸುಪಾಸು ಬೇಕಾಗುತ್ತದೆ. ಬಡಗಿಗಳು ಏಪ್ರಿಲ್‌ನಲ್ಲಿ ಮಾತ್ರ ಸಿಗುತ್ತಾರೆ. ಮೇ ಕೊನೆಗೆ ಕೊಡಗಿನ ಕಡೆಯಿಂದ ಮಳೆ ಹಿಡಿದರೆ ಮತ್ತೆ ಮರ ಮುಟ್ಟುವಂತಿಲ್ಲ. ಹಣವಾಗದಿದ್ದರೆ ಹೆಂಚು, ಸಿಮೆಂಟು, ಮಕ್ಕಳ ಪುಸ್ತಕ ಕೊಡಿ. ಯುಗಾದಿಯೊಳಗೆ ತಲುಪಿಸಿದರೆ ಬಡಗಿಗಳಿಗೆ ಮುಂಗಡ ಕೊಡುತ್ತೇವೆ. ಪ್ರತಿ ರೂಪಾಯಿಗೂ ರಸೀದಿ ಇದೆ.

ಇತಿ ನಿಮ್ಮ ವಿಶ್ವಾಸಿಗಳು,
ವಾಚನಾಲಯ ಟ್ರಸ್ಟಿನ ಧರ್ಮದರ್ಶಿಗಳು