ಹೆಸರು ಹೇಳದೆ ಹೋದ ಮೆಕ್ಯಾನಿಕ್ ಅಣ್ಣನಿಗೆ

ಅಣ್ಣಾ, ಟಕಟಕ ಸದ್ದು ಮಾಡುತ್ತಿದ್ದ ನನ್ನ ಗಾಡಿಯ ಇಂಜಿನ್ ಬಿಚ್ಚುವ ಮೊದಲೇ ಆಯಿಲ್ ಫಿಲ್ಟರ್ ಕತ್ತರಿಸಿ, ಅದರ ಮಡಿಕೆ ಬಿಡಿಸಿ ತೋರಿಸಿದ್ದಕ್ಕೆ ಮನಸಾರೆ ಧನ್ಯವಾದ. ಒಳಗೆ ಮಿನುಗುತ್ತಿದ್ದ ತಾಮ್ರಬಣ್ಣದ ಪುಡಿ ಆಯಸ್ಕಾಂತಕ್ಕೆ ಅಂಟಲಿಲ್ಲ. ಗೇರಿನ ಉಕ್ಕಾಗಿದ್ದರೆ ಅಂಟುತ್ತಿತ್ತು. ಇದು ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ ರಾಡ್ ಕ್ರ್ಯಾಂಕ್ ಶಾಫ್ಟಿಗೆ ಕೂಡುವ ಕಡೆಯ ಬೇರಿಂಗ್) ಮೇಲ್ಪದರ ಸವೆದು ಒಳಪದರ ಉದುರಿದ ಗುರುತು. ಎಷ್ಟು ಸರಳ ಪರೀಕ್ಷೆ!

ಆ ಬೇರಿಂಗ್ ಕೂರುವ ಕ್ರ್ಯಾಂಕ್ ಪಿನ್ನನ್ನು 90 ಡಿಗ್ರಿ ಅಂತರದಲ್ಲಿ ಎರಡು ಸಲ ಮೈಕ್ರೋಮೀಟರಿನಿಂದ ಅಳೆಯಬೇಕು, ಒಂದೇ ಅಳತೆಗೆ ಮೊಟ್ಟೆಯಾಕಾರದ ಸವೆತ ಸಿಗುವುದಿಲ್ಲ. ಬೇರಿಂಗಿನ ಗ್ಯಾಪ್ ಅಳೆಯುವ ಮೆತ್ತನೆ ಎಳೆ, ಪ್ಲಾಸ್ಟಿಗೇಜ್, ಇಟ್ಟು ಬಿಗಿದ ಮೇಲೆ ಶಾಫ್ಟ್ ತಿರುಗಿಸಬಾರದು, ಎಳೆ ಮಸುಕಾಗಿ ಗ್ಯಾಪ್ ತಪ್ಪಾಗಿ ಕಾಣುತ್ತದೆ. ರಾಡ್ ಬೋಲ್ಟ್ ಹೊಸದೇ ಹಾಕಬೇಕು.

ಎಲ್ಲಕ್ಕಿಂತ ದೊಡ್ಡ ಉಪಕಾರ, ಆಯಿಲ್ ಕೂಲರ್ ಬದಲಿಸಲೇಬೇಕೆಂದು ನೀವು ಹಟ ಹಿಡಿದದ್ದು. ಅದರ ಸಣ್ಣ ನಾಳಗಳಲ್ಲಿ ಕೂತ ಲೋಹದ ಪುಡಿ ಎಷ್ಟು ತೊಳೆದರೂ ಪೂರ್ತಿ ಬರುವುದಿಲ್ಲ; ಹಳೆಯದನ್ನೇ ಕೂರಿಸಿದರೆ ಅದೇ ಪುಡಿ ಹೊಸ ಬೇರಿಂಗನ್ನೂ ತಿನ್ನುತ್ತದೆ. ಬಹಳ ಜನ ಎಡವುವುದು ಇಲ್ಲೇ.

ಕೊನೆಗೆ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಪೆಟ್ರೋಲ್ ಬಂದ್ ಮಾಡಿ, ಆಯಿಲ್ ಒತ್ತಡದ ಎಚ್ಚರಿಕೆ ದೀಪ ಆರುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ ಅಂದಿರಿ. ದೀಪ ಆರಿತು. ಲೋಡ್ ಕೊಟ್ಟಾಗ ಕೆಳಗಿನಿಂದ ಬರುತ್ತಿದ್ದ ಆ ಟಕಟಕ ಸದ್ದು ಈಗ ಇಲ್ಲ, ಅಣ್ಣಾ.