ಹಾಸ್ಟೆಲ್ ಸೇರುವ ಮುನ್ನ, ದೋಸ್ತಾ

ಪ್ರೀತಿಯ ದೋಸ್ತಾ,

ಡಿಪ್ಲೊಮಾ ಮುಗಿಸಿ ಎರಡು ವರ್ಷ ದುಡಿದು, ಈಗ ಎಂಜಿನಿಯರಿಂಗ್‌ನ ನೇರ ಮೂರನೇ ಸೆಮಿಸ್ಟರ್‌ಗೆ ಸೇರುತ್ತಿದ್ದೀಯ ಅಂತ ಕೇಳಿ ತುಂಬಾ ಖುಷಿಯಾಯಿತು ಕಣೋ.

ಒಂದು ಮಾತು ಮೊದಲೇ ಹೇಳಬೇಕು. ಫ್ಯಾಕ್ಟರಿಯಲ್ಲಿ ಐದು ನಿಮಿಷ ತಡವಾದರೂ ಸೂಪರ್‌ವೈಸರ್ ಕೇಳುತ್ತಿದ್ದರು ಅಲ್ವಾ? ಇಲ್ಲಿ ಯಾರೂ ಕೇಳುವುದಿಲ್ಲ. ಒಂಬತ್ತು ಗಂಟೆಯ ಕ್ಲಾಸ್ ತಪ್ಪಿಸಿದರೆ ಆ ದಿನ ಏನೂ ಆಗುವುದಿಲ್ಲ. ಅದೇ ಅಪಾಯ.

ನಮ್ಮ ವಿಶ್ವವಿದ್ಯಾಲಯ ವಿಟಿಯು ಲೆಕ್ಕದಲ್ಲಿ ಪ್ರತಿ ವಿಷಯಕ್ಕೂ ಶೇ. 85 ಹಾಜರಾತಿ ಬೇಕು. ಸರಿಯಾದ ಕಾರಣವಿದ್ದರೆ 75ರವರೆಗೆ ಬಿಡಬಹುದು. 40 ಕ್ಲಾಸ್ ನಡೆದರೆ 34ಕ್ಕೆ ನೀನಿರಬೇಕು. ಉಳಿದಿದ್ದು ಆರು. ಜ್ವರ, ಊರ ಜಾತ್ರೆ, ಅಕ್ಕನ ಮದುವೆ ಎಲ್ಲ ಅದರಲ್ಲೇ. ನಾನು ಆ ಆರನ್ನು ಮೊದಲ ತಿಂಗಳೇ ಮಲಗಿ ಕಳೆದಿದ್ದೆ.

ಆಮೇಲೆ ರೂಮ್‌ಮೇಟ್ ನನಗೆ ಪ್ರಾಕ್ಸಿ ಹೇಳತೊಡಗಿದ, ಅಂದರೆ ನಾನಿಲ್ಲದಾಗ ನನ್ನ ಹಾಜರಿ ಅವನೇ ಕೂಗುತ್ತಿದ್ದ. ಒಂದು ದಿನ ಸಿಕ್ಕಿಬಿದ್ದ. ವಿಭಾಗದ ಮುಖ್ಯಸ್ಥರ (ಎಚ್‌ಒಡಿ) ರೂಮಿನ ಹೊರಗೆ ನಿಂತು ಅವನು ಅವರಪ್ಪನಿಗೆ ಫೋನ್ ಮಾಡಿ ಅಳುತ್ತಿದ್ದ. ನಾನು ಪಕ್ಕದಲ್ಲೇ ಇದ್ದೆ. ತಪ್ಪು ನನ್ನದು, ಕ್ಷಮಾಪಣೆ ಪತ್ರ ಬರೆದವನು ಅವನು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ. ಗಣಿತದಲ್ಲಿ ಹಾಜರಾತಿ ಸಾಲದೆ ನನ್ನನ್ನು ಪರೀಕ್ಷೆಗೆ ಕೂರಿಸಲಿಲ್ಲ. ಅದು ನ್ಯಾಯವೇ. ಮನೆಯಲ್ಲಿ ಹೇಳಲು ಮಾತ್ರ ನನಗೆ ಮೂರು ವಾರ ಬೇಕಾಯಿತು. ಹೇಳಿದ ದಿನ ಅಪ್ಪ ಬೈಯಲಿಲ್ಲ. "ಊಟ ಮಾಡಿದೆಯಾ?" ಅಂದರು. ಆ ವರ್ಷದ ಗೋವಿನಜೋಳ ಮಾರಿ ಫೀಸ್ ಕಟ್ಟಿದ್ದರು.

ನಿನಗೂ ಮೊದಲು ಕೈಕೊಡುವುದು ಗಣಿತವೇ. ಪಿಯುಸಿಯಿಂದ ಬಂದವರು ಮೊದಲ ವರ್ಷ ಕ್ಯಾಲ್ಕುಲಸ್ ಓದಿರುತ್ತಾರೆ, ನೀನು ಆ ವರ್ಷ ಓದಿಲ್ಲ. ನಾಚಿಕೊಂಡು ಸುಮ್ನೆ ಕೂರಬೇಡ. ಅರ್ಥವಾಗದ್ದನ್ನು ಅದೇ ವಾರ ಕೇಳು. ಸಂಜೆ ಮೆಸ್ ತೆರೆಯುವ ಮುಂಚೆ ಒಂದು ಗಂಟೆ ಕೂತು ಅವತ್ತಿನ ಲೆಕ್ಕ ನೀನೇ ಮಾಡು. ಅಷ್ಟು ಹೊತ್ತು ಫೋನ್ ಟ್ರಂಕಿನಲ್ಲಿರಲಿ. ಲ್ಯಾಬ್ ರೆಕಾರ್ಡ್ ಆವತ್ತೇ ಬರೆದುಬಿಡು.

ಕಾಲೇಜಿನವರೇ ನಡೆಸುವ ಮೊದಲ ಇಂಟರ್ನಲ್ಸ್ ಪರೀಕ್ಷೆಯ ಅಂಕ ಬಂದ ದಿನ ಫೋನ್ ಮಾಡು. ಎಷ್ಟೇ ಬಂದಿರಲಿ. ಕಡಿಮೆ ಬಂದರೆ ಮೊದಲು ಮನೆಗೆ ಹೇಳು, ಆಮೇಲೆ ನನಗೆ. ನನ್ನ ಗಣಿತದ ನೋಟ್ಸ್ ಅಟ್ಟದ ಮೇಲಿವೆ. ಶನಿವಾರ ತೆಗೆದು ಬಸ್ಸಿಗೆ ಹಾಕುತ್ತೇನೆ.

ನಿನ್ನ ದೋಸ್ತ