ಸೇಂಟ್ ಮೇರೀಸ್ ದ್ವೀಪದ ಗೇಟು ಮಲ್ಪೆಯಲ್ಲೇ ಇರಲಿ

ಮಾನ್ಯರೇ,

ಮಳೆಗಾಲ ಕಳೆದು ಮಲ್ಪೆಯಿಂದ ದೋಣಿಗಳು ಹೊರಡುವ ಹೊತ್ತಿಗೆ ಸೇಂಟ್ ಮೇರೀಸ್ ದ್ವೀಪದಲ್ಲಿ ಇನ್ನೇನು ಕಟ್ಟಬಹುದು ಎಂಬ ಮಾತು ಏಳುತ್ತದೆ. ಅಲ್ಲಿ ಕಟ್ಟಬೇಕಾದದ್ದು ಹೆಚ್ಚೇನೂ ಇಲ್ಲ. ಮಾಡಬೇಕಾದ ಕೆಲಸದ ಬಹುಪಾಲು ಇರುವುದು ಮಲ್ಪೆಯ ದಕ್ಕೆಯಲ್ಲಿ, ಜನ ದೋಣಿ ಹತ್ತುವ ಮೊದಲು. ಒಮ್ಮೆ ದ್ವೀಪದಲ್ಲಿ ಇಳಿದ ಮೇಲೆ ಅವರನ್ನು ತಡೆಯುವುದು ಇಬ್ಬರು ಕಾವಲುಗಾರರಿಂದ ಆಗುವ ಕೆಲಸವಲ್ಲ.

ತೋನ್ಸೆಪಾರ್ ಎಂದೂ ಹೆಸರಿರುವ ಈ ದ್ವೀಪಗಳ ಪೈಕಿ ಪ್ರವಾಸಿಗರು ಇಳಿಯುವ ತೆಂಗಿನ ದ್ವೀಪ ಸುಮಾರು 500 ಮೀಟರ್ ಉದ್ದ, 100 ಮೀಟರ್ ಅಗಲ. ಎಕರೆ ಲೆಕ್ಕದಲ್ಲಿ ಹನ್ನೆರಡರಷ್ಟು. ತಾನಾಗಿ ಮೂಡಿದ ಕಲ್ಲುಕಂಬಗಳ ಜಾಗ, ಪೊದೆ, ಅಲೆ ಹೊಡೆಯುವ ಬಂಡೆ ಇಷ್ಟನ್ನೂ ಕಳೆದರೆ ನಿಶ್ಚಿಂತೆಯಿಂದ ಕಾಲಿಡಬಹುದಾದ ನೆಲ ತೀರಾ ಕಡಿಮೆ.

ಆ ಕಂಬಗಳ ಬಗ್ಗೆ ಎರಡು ಮಾತು. ಎಂಟೂವರೆ ಕೋಟಿ ವರ್ಷಕ್ಕೂ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಒಂದನ್ನೊಂದು ಬಿಟ್ಟು ದೂರ ಸರಿಯುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಅದು. ಮಹಾರಾಷ್ಟ್ರದ ಸುತ್ತ ಹರಡಿರುವ ಡೆಕ್ಕನ್ ಟ್ರ್ಯಾಪ್ ಎಂಬ ಲಾವಾ ಪದರಗಳಿಗಿಂತ ಸುಮಾರು ಎರಡು ಕೋಟಿ ವರ್ಷ ಹಳೆಯದು. ಎರಡನ್ನೂ ಒಂದೇ ಎಂದು ಫಲಕಗಳಲ್ಲಿ ಬರೆಯಬಾರದು. ರೂಢಿಯಲ್ಲಿ ಬಸಾಲ್ಟ್ ಎನ್ನುತ್ತೇವೆ, ಆದರೆ ಇದು ಸಿಲಿಕಾ ಹೆಚ್ಚಿರುವ ರಯೋಲೈಟ್–ಡೇಸೈಟ್ ಜಾತಿಯ ಶಿಲೆ. ಲಾವಾ ತಣಿಯುತ್ತಾ ಕುಗ್ಗಿದಾಗ ಮೇಲ್ಮೈಯಲ್ಲಿ ಬಿರುಕು ಮೂಡಿ, ತಣಿತ ಒಳಗಿಳಿದಂತೆ ಬಿರುಕೂ ಇಳಿದು ಈ ಕಂಬಗಳಾಗಿವೆ. ಹೆಚ್ಚಿನವಕ್ಕೆ ಆರು ಮುಖ, ಕೆಲವಕ್ಕೆ ಐದು ಅಥವಾ ಏಳು.

ಅಂದರೆ ಪ್ರತಿ ಕಂಬದ ಸುತ್ತಲೂ ಮೊದಲೇ ಬಿರುಕಿದೆ. ಬಗ್ಗಿ ನೋಡಿದರೆ ಎರಡು ಕಂಬಗಳ ನಡುವೆ ಉಗುರು ತೂರುವಷ್ಟು ಸಂದು, ಅದರಲ್ಲಿ ಬೆಳ್ಳಗೆ ಕೂತ ಉಪ್ಪಿನ ಹರಳು ಕಾಣುತ್ತವೆ. ಅಲೆಯ ತುಂತುರು ಆರಿದಾಗಲೆಲ್ಲ ಹರಳು ಬೆಳೆದು ಸಂದನ್ನು ಒತ್ತುತ್ತದೆ. ಈ ನಿಧಾನದ ಕೆಲಸವನ್ನು ಮನುಷ್ಯರ ಕಾಲು ವೇಗಗೊಳಿಸುತ್ತದೆ. ಅಂಚಿನ ಕಂಬದ ಮೇಲೆ ನಿಂತು ಫೋಟೊಕ್ಕೆಂದು ಹಾರಿದರೆ ಮೂಲೆ ಚಕ್ಕೆ ಏಳುತ್ತದೆ. ಅಂಚಿನದು ಜಾರಿದರೆ ಅದರ ಹಿಂದಿನದಕ್ಕೆ ಆಸರೆ ಇಲ್ಲ. ಹೆಸರು ಗೀಚಿದರಂತೂ ಮಾಸಿದ ಹೊರಪದರ ಹೋಗಿ ಒಳಗಿನ ಬಣ್ಣ ಕಾಣುತ್ತದೆ, ಅದು ಮತ್ತೆ ಮಾಸಲು ಒಂದು ತಲೆಮಾರು ಸಾಲದು. ಬಣ್ಣ ಬಳಿದದ್ದನ್ನು ತಂತಿ ಬ್ರಷ್‌ನಿಂದ ಉಜ್ಜುವುದು ಇನ್ನೂ ಕೆಟ್ಟದ್ದು, ಬಣ್ಣದೊಂದಿಗೆ ಕಲ್ಲಿನ ಚರ್ಮವೂ ಬರುತ್ತದೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಆದರೆ ಪುರಾತತ್ವ ಸ್ಮಾರಕಗಳಿಗೆ 1958ರ ಕಾಯ್ದೆಯ ಬಲವಿರುವಂತೆ ಈ ಬಿರುದಿನ ಜೊತೆ ದಂಡ ಹಾಕುವ ಅಧಿಕಾರ ಬರುವುದಿಲ್ಲ. ಭೂಪರಂಪರೆ ತಾಣಗಳಿಗೆಂದೇ ಕೇಂದ್ರ ಗಣಿ ಸಚಿವಾಲಯ ಒಂದು ಕರಡು ಮಸೂದೆಯನ್ನು 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿತ್ತು. ಕಾನೂನಿಗಾಗಿ ಕಾದು ಕೂರದೆ ಜಿಲ್ಲಾಡಳಿತ ಈಗಲೇ ಮಾಡಬಹುದಾದದ್ದು ಬೇಕಾದಷ್ಟಿದೆ.

ಮೊದಲನೆಯದು ಟಿಕೆಟ್. ದಿನಕ್ಕೆ ಎಷ್ಟು ಜನ ಎಂಬುದಕ್ಕಿಂತ ಒಂದು ಹೊತ್ತಿಗೆ ಎಷ್ಟು ಜನ ಎಂಬುದೇ ಮುಖ್ಯ. ಗಂಟೆಗೆ 100 ಜನ ಹೋಗಿ ತಲಾ ಮೂರು ಗಂಟೆ ಉಳಿದರೆ ದ್ವೀಪದ ಮೇಲೆ ಸದಾ 300 ಮಂದಿ. ಅದನ್ನೇ ಒಂದೂವರೆ ಗಂಟೆಗೆ ಇಳಿಸಿದರೆ 150. ಮಾರಿದ ಟಿಕೆಟ್ ಅಷ್ಟೇ, ದೋಣಿಯವರ ದುಡಿಮೆಗೂ ಪೆಟ್ಟಿಲ್ಲ, ಗದ್ದಲ ಅರ್ಧ. ಇದಕ್ಕೆ ಟಿಕೆಟ್ ಮೇಲೆ ವಾಪಸ್ ಹೊರಡುವ ಸಮಯ ದಪ್ಪಕ್ಷರದಲ್ಲಿ ಇರಬೇಕು, ಹೊತ್ತಿಗೊಂದು ಬಣ್ಣದ ಕೈಪಟ್ಟಿ ಕೊಡಬೇಕು. ಸಮಯ ನಿಗದಿಯಿಲ್ಲದಿದ್ದರೆ ಎಲ್ಲರೂ ಸೂರ್ಯಾಸ್ತಕ್ಕೆ ಕಾದು ಕೊನೆಯ ದೋಣಿಗೇ ನುಗ್ಗುತ್ತಾರೆ. ಅಪಾಯ ಇರುವುದೇ ಆ ನುಗ್ಗಾಟದಲ್ಲಿ. ಸಮುದ್ರದ ಇಳಿತದ ವೇಳೆ ದೊಡ್ಡ ದೋಣಿ ದಂಡೆಗೆ ಬರಲಾಗದೆ ಸಣ್ಣ ದೋಣಿಗೆ ಜನರನ್ನು ದಾಟಿಸುವಾಗ ತಲೆ ಎಣಿಕೆ ತಪ್ಪುವುದು ಸುಲಭ. ಎಣಿಕೆ ಎರಡೂ ಕಡೆ, ಕೈಪಟ್ಟಿ ನೋಡಿಯೇ ಆಗಬೇಕು. ಮಕ್ಕಳಿಗೆ ಮಕ್ಕಳ ಅಳತೆಯ ಲೈಫ್ ಜಾಕೆಟ್ಟೇ ಬೇಕು: ದೊಡ್ಡವರದ್ದು ತೊಡಿಸಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೇರಿ ಮಗು ಕೆಳಗೆ ಜಾರುತ್ತದೆ.

ಕಸದ ವಿಷಯ. ದ್ವೀಪದಲ್ಲಿ ಡಬ್ಬಿ ಇಟ್ಟಷ್ಟೂ ಕಸ ಜಾಸ್ತಿ. ತುಂಬಿದ ಡಬ್ಬಿಯನ್ನು ಕಾಗೆ ಕೆದಕುತ್ತದೆ, ಉಳಿದದ್ದನ್ನು ಗಾಳಿ ಸಮುದ್ರಕ್ಕೆ ಒಯ್ಯುತ್ತದೆ. ಚೀಲ ತಪಾಸಣೆ ದಕ್ಕೆಯಲ್ಲೇ ಆಗಲಿ, ಗಾಜು ದೋಣಿ ಹತ್ತದಿರಲಿ. ನೀರಿನ ಬಾಟಲಿಗೆ ಚೀಟಿ ಅಂಟಿಸಿ ಠೇವಣಿ ಪಡೆಯಬೇಕು. ಮುಚ್ಚಳ ಸಮೇತ ತಂದರೆ ಮಾತ್ರ ಹಣ ವಾಪಸ್. ಬಾಟಲಿ ಬಂದು ಮುಚ್ಚಳ ಉಳಿದರೆ ಅದು ಚಿಪ್ಪಿನ ನಡುವೆ ಸೇರಿ ಹೆಕ್ಕಲು ಸಿಗುವುದೇ ಇಲ್ಲ. ಹಾಗೆಯೇ ಬರುವಾಗ ಚಿಪ್ಪು ತುಂಬಿದ ಚೀಲಗಳನ್ನೂ ನೋಡಬೇಕು. ಅಲ್ಲಿನ ದಂಡೆಯ ಬಹುಪಾಲು ಚಿಪ್ಪು ಮತ್ತು ಅದರ ಚೂರೇ, ಒಯ್ದಷ್ಟು ದಂಡೆಯೇ ಹೋಯಿತು. ಖಾಲಿ ಶಂಖಗಳು ಸನ್ಯಾಸಿ ಏಡಿಗೆ ಮನೆಯೂ ಹೌದು.

ಶೌಚಾಲಯ ಬೇಕೆನ್ನುವ ಬೇಡಿಕೆ ನ್ಯಾಯವಾದದ್ದು, ಮುಖ್ಯವಾಗಿ ಹೆಂಗಸರಿಗೆ. ಆದರೆ ಇಂಗುಗುಂಡಿ ತೋಡಿದರೆ ಈ ಸಡಿಲ ನೆಲದಲ್ಲಿ ಎಲ್ಲವೂ ಸೋಸದೆ ಸಮುದ್ರ ಸೇರುತ್ತದೆ. ತಳ ಮುಚ್ಚಿದ ಟ್ಯಾಂಕ್ ಇಟ್ಟು, ತುಂಬಿದ್ದನ್ನು ದೋಣಿಯಲ್ಲೇ ಮಲ್ಪೆಗೆ ತರುವ ವ್ಯವಸ್ಥೆ ಇದ್ದರೆ ಮಾತ್ರ ಅದನ್ನು ಕಟ್ಟಬೇಕು.

ಕೊನೆಯದಾಗಿ ಒಂದು ಅಗ್ಗದ ಕೆಲಸ. ಜನ ಹೆಚ್ಚು ಹತ್ತುವ ಇಪ್ಪತ್ತು ಕಂಬಗಳನ್ನು ಆಯ್ದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ನಿಂತ ಜಾಗ ಗುರುತಿಟ್ಟುಕೊಂಡು ಋತುವಿನ ಆರಂಭದಲ್ಲೊಮ್ಮೆ, ಮಳೆಗೆ ದೋಣಿ ನಿಲ್ಲುವ ಮುನ್ನ ಒಮ್ಮೆ ಚಿತ್ರ ತೆಗೆಯಬೇಕು. ಜೋಡಿ ಚಿತ್ರಗಳಲ್ಲಿ ಎಲ್ಲಿ ಮೂಲೆ ಹಾರಿದೆಯೋ ಅಲ್ಲಿಗೆ ಮುಂದಿನ ವರ್ಷ ಹಗ್ಗ ಕಟ್ಟಲಿ.

— ಭೂವಿಜ್ಞಾನ ಅಧ್ಯಾಪಕರು, ಉಡುಪಿ